ಎಂಟು ಗಂಟೆಯ ಮಳೆ

ಫೆಬ್ರವರಿ ೧೧

ಪ್ರೀತಿಯ ಚೋಟು,

ಮೊನ್ನೆ ಫೋನಿನಲ್ಲಿ ನೀನು ಹೊಸ ಸಂಬಳದ ಅಂಕಿ ಹೇಳಿದಾಗ ನಾನು ಸುಮ್ಮನಾದೆ. ಲೈನು ಹೋಯಿತೆಂದು ನೀನು ಹಲೋ ಹಲೋ ಎಂದು ಕೂಗಿಕೊಂಡೆ. ಲೈನು ಎಲ್ಲಿಗೂ ಹೋಗಿರಲಿಲ್ಲ. ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಿದ್ದೆ. ನಿನ್ನ ಒಂದು ತಿಂಗಳು ನನ್ನ ಏಳು ತಿಂಗಳಿಗೆ ಸಮ. ಅದೇ ಆಕಾಶ, ಅದೇ ಮಳೆ. ನಾನು ಅದನ್ನು ಅಳೆದು ಬರೆದಿಡುತ್ತೇನೆ, ನೀನು ಅದರ ಬಗ್ಗೆ ಮಾತಾಡುತ್ತೀಯ. ಮಾತಾಡುವವನಿಗೆ ಏಳು ಪಾಲು. ಇದು ಬರೀ ಹೊಟ್ಟೆಕಿಚ್ಚು ಅಂತ ತಿಳಿಯಬೇಡ. ಸ್ವಲ್ಪ ಇದೆ, ಪೂರ್ತಿ ಅದೇ ಅಲ್ಲ.

ಕಾಗದ ಯಾಕೆಂದರೆ, ಫೋನಿನಲ್ಲಿ ನಾನು ಬಯ್ಯಲು ಶುರು ಮಾಡಿದ ಕೂಡಲೇ ನಿನಗೊಂದು ಮೀಟಿಂಗ್ ಬಂದುಬಿಡುತ್ತದೆ. ಕಾಗದವಾದರೆ ಮೀಟಿಂಗ್ ಮುಗಿಸಿ ಬಂದ ಮೇಲೂ ಮೇಜಿನ ಮೇಲೆ ಕಾಯುತ್ತಿರುತ್ತದೆ.

ಇಲ್ಲಿಯ ಸುದ್ದಿ ಕೇಳು. ನನ್ನ ದುರ್ಗಮ ಸ್ಥಳದ ಭತ್ಯೆ ನಿಲ್ಲಿಸಿದ್ದಾರೆ. ಗುಡ್ಡದ ಮೇಲಿನ ನಮ್ಮ ವೀಕ್ಷಣಾಲಯಕ್ಕೆ ರಸ್ತೆ ಹಾಕಿಸಿಕೊಡಿ ಎಂದು ಹದಿನಾರು ವರ್ಷ ಅರ್ಜಿ ಬರೆದವಳು ನಾನೇ. ಕೊನೆಗೂ ರಸ್ತೆ ಬಂತು. ಆ ರಸ್ತೆಯಲ್ಲಿ ಬಂದ ಮೊದಲ ಕಾರಿನಲ್ಲಿ ಮೇಲಧಿಕಾರಿ ಇದ್ದರು. ಐದು ನಿಮಿಷ ನಿಂತು ತಂಗಾಳಿ ಕುಡಿದರು, ಇದು ದುರ್ಗಮ ಸ್ಥಳವಲ್ಲ ಎಂದು ಬರೆದುಕೊಂಡು ಹೋದರು. ರಾತ್ರಿ ಪಾಳಿಯ ಭತ್ಯೆ ಇನ್ನೂ ಇದೆ, ಎರಡು ಲೋಟ ಚಹಾ ಕುಡಿಯುವಷ್ಟು. ಪದವಿ ಇಲ್ಲದ್ದರಿಂದ ಹಿರಿಯ ವೀಕ್ಷಕಿ ಎಂಬ ಮೆಟ್ಟಿಲಿಗೆ ನನ್ನ ಏಣಿ ಮುಗಿದು ಹನ್ನೊಂದು ವರ್ಷವಾಯಿತು. ನನ್ನ ಮೇಲೆ ತಂದು ಕೂರಿಸಿರುವ ಸಹಾಯಕ ತಜ್ಞನಿಗೆ ಪದವಿ ಇದೆ, ಮೋಡ ತೋರಿಸಿದರೆ ಹೆಸರು ಹೇಳಲು ಬರುವುದಿಲ್ಲ. ಕಿಟಕಿ ತೆಗೆದು ನೋಡಿ ಸ್ವಾಮಿ, ಸುರಿಯುತ್ತಿದೆ ಎಂದರೆ, ಕಂಪ್ಯೂಟರಿನಲ್ಲಿ ಬಿಸಿಲಿದೆಯಲ್ಲ ಎನ್ನುತ್ತಾನೆ. ಥೂ! ಮುಂದಿನ ಜನವರಿಗೆ ನಿವೃತ್ತಿ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರಬೇಕು.

ನಿನ್ನ ಸಂಬಳದ ಸುದ್ದಿ ಕೆಳಪೇಟೆಗೆಲ್ಲ ಗೊತ್ತಾಗಿದೆ. ನನ್ನ ಬಾಯಿಂದಲೇ. ನನ್ನ ಮನೆಯ ಕೆಳಗಿನ ಅಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಕೇಳಿದ, "ಮಳೆಯಕ್ಕಾ, ಅಷ್ಟೊಂದ್ ಸಂಬಳ ಕೊಡೋರು, ಹೇಳಿದ್ದು ತಪ್ಪಾದ ದಿನ ಕಟ್ ಮಾಡ್ಕೊಳ್ತಾರಾ?"

"ಹಾಗೇನಾದ್ರೂ ಮಾಡಿದ್ರೆ ನಮ್ಮ ಇಲಾಖೆಯವರೆಲ್ಲ ತಿಂಗಳ ಕೊನೇಲಿ ಸರ್ಕಾರಕ್ಕೇ ದುಡ್ಡು ಕಟ್ಬೇಕಾಗ್ತಿತ್ತು" ಎಂದೆ.

ನಗೆಯ ಮಾತು ಬಿಡು. ನಿಜವಾಗಿ ಹೇಳು, ಹವಾಮಾನದವನ ಸಂಬಳವನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ? ವಿಮೆ ಕಂಪನಿಗೆ ನೀನು ಯಾತಕ್ಕೆ ಬೇಕು? ಮತ್ತೆ, ನಿನ್ನ ಪ್ರಬಂಧಕ್ಕೆಂದು ನಾನು ನಕಲು ಮಾಡಿಕೊಟ್ಟ ಮೂರು ನೋಟ್‌ಬುಕ್ಕುಗಳು ಉಪಯೋಗವಾದವೇ? ತಾನಾಗಿ ಗೀಚಿಕೊಳ್ಳುವ ಮಾಪಕದ ಹಾಳೆಗಳಿಂದ ತೆಗೆದದ್ದು, ಇಪ್ಪತ್ತೆರಡು ವರ್ಷದ ಮಳೆ, ಯಾವ ಗಂಟೆಗೆ ಎಷ್ಟು ಎಂಬ ಲೆಕ್ಕ. ಐದು ತಿಂಗಳು ಸಂಜೆಯೆಲ್ಲ ಕೂತು ಬರೆದೆ, ಕನ್ನಡಕದ ನಂಬರು ಏರಿತು. ಅಚ್ಚಾದ ಮೇಲೆ ಒಂದು ಪ್ರತಿ ಕಳಿಸು. ಅರ್ಥವಾಗದಿದ್ದರೂ ನಾಲ್ಕು ಜನಕ್ಕೆ ತೋರಿಸುತ್ತೇನೆ.

ನಿನ್ನ
ಅಕ್ಕ

ಫೆಬ್ರವರಿ ೨೭

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಆಫೀಸಿನಲ್ಲೇ ಓದಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದವರು ಏನೆಂದು ಕೇಳಿದರು. ಅಕ್ಕ ಬೈದಿದ್ದಾಳೆ ಎಂದೆ. ಇಲ್ಲಿ ಯಾರನ್ನೂ ಯಾರೂ ಬಯ್ಯುವುದಿಲ್ಲ. ಬೇಡವಾದವನನ್ನು ಶುಕ್ರವಾರ ಸಂಜೆ ಕರೆದು ಕೈಕುಲುಕಿ ಕಳಿಸುತ್ತಾರೆ.

ತಕ್ಕಡಿ ಕೇಳಿದೆಯಲ್ಲ, ಒಂದಲ್ಲ, ಹಲವಾರಿವೆ. ಸರ್ಕಾರದಲ್ಲಿ ಎಷ್ಟು ವರ್ಷ ಕೂತಿದ್ದೀ ಎಂದು ನೋಡುತ್ತಾರೆ. ವಿಮಾನ ನಿಲ್ದಾಣದಲ್ಲಿ ಪರೀಕ್ಷೆ ಪಾಸಾಗಿರಬೇಕು, ಹೊತ್ತಲ್ಲದ ಹೊತ್ತಿನಲ್ಲಿ ದುಡಿಯಬೇಕು. ಕಾಲೇಜಿನಲ್ಲಿ ಪ್ರಬಂಧಗಳನ್ನು ಎಣಿಸುತ್ತಾರೆ. ಟಿವಿಯಲ್ಲಿ ಮುಖ ನೋಡುತ್ತಾರೆ, ನನ್ನ ಮುಖ ನೋಡಿ ಅವರು ಏನೆಂದರು ಎಂಬುದು ನಿನಗೆ ಗೊತ್ತೇ ಇದೆ. ಡಾಕ್ಟರೇಟ್ ಮುಗಿಸಿ ಆರು ವರ್ಷ ಈ ಎಲ್ಲ ತಕ್ಕಡಿಗಳ ಮೇಲೂ ಕೂತು ಇಳಿದೆ, ಅಕ್ಕ. ಮೂವತ್ತೆಂಟು ದಾಟಿದವನು ಮನೆ ಬಾಡಿಗೆಗೆ ಹೆಂಡತಿಯ ಸಂಬಳದ ದಿನ ಕಾಯುತ್ತಿದ್ದೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ನಿನ್ನ ಭವಿಷ್ಯ ನಿಧಿ ಬಿಡಿಸಿ ಕಳಿಸುತ್ತಿದ್ದೆ.

ಕಂಪನಿಯ ತಕ್ಕಡಿ ಸರಳ. ನಿನ್ನಿಂದ ನಮಗೆ ಎಷ್ಟು ಉಳಿಯಿತು, ಅಷ್ಟೇ ಪ್ರಶ್ನೆ.

ನಮ್ಮದು ಮಳೆ ವಿಮೆ. ತಗ್ಗಿನ ಪೇಟೆಗಳ ಅಂಗಡಿಯವರು ವರ್ಷಕ್ಕೊಂದು ಕಂತು ಕಟ್ಟುತ್ತಾರೆ. ಒಂದು ದಿನದಲ್ಲಿ ನೂರೈವತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾಕು, ಹಣ ತಾನಾಗಿ ಅವರ ಖಾತೆಗೆ ಹೋಗುತ್ತದೆ. ಅಂಗಡಿಗೆ ನೀರು ನುಗ್ಗಿತೇ ಇಲ್ಲವೇ ಎಂದು ನೋಡಲು ಯಾರೂ ಬರುವುದಿಲ್ಲ, ಲಂಚ ಕೊಡುವುದು ಬೇಕಿಲ್ಲ. ಸರ್ಕಾರದ ಮಳೆಮಾಪಕ ಏನು ಹೇಳುತ್ತದೋ ಅದೇ ತೀರ್ಪು. ಎಷ್ಟು ಮಿಲಿಮೀಟರ್, ಯಾವ ಊರು, ಎಷ್ಟು ಕಂತು ಎಂದು ನಿರ್ಧರಿಸುವವನು ನಾನು. ಈ ವರ್ಷ ನಿಮ್ಮೂರಿಗೂ ಬರುತ್ತಿದ್ದೇವೆ. ಅಲ್ಲಿನ ಮಾಪಕ ಯಾರ ಕೈಯಲ್ಲಿದೆ ಹೇಳು? ನಿನ್ನ ಕೈಯಲ್ಲಿ! ನಮ್ಮ ಬಾಸ್‌ಗೆ ಹೇಳಿದೆ, ಆ ಊರಿನ ಲೆಕ್ಕದಲ್ಲಿ ಒಂದು ಹನಿ ಹೆಚ್ಚುಕಮ್ಮಿ ಇರುವುದಿಲ್ಲ ಎಂದು.

ನೋಟ್‌ಬುಕ್ಕುಗಳು ತುಂಬಾ ಉಪಯೋಗವಾದವು. ಪ್ರಬಂಧ ಇನ್ನೂ ಮುಗಿದಿಲ್ಲ.

ನಿನ್ನ
ಚೋಟು

ಮೇ ೩

ಪ್ರೀತಿಯ ಚೋಟು,

ನಿಮ್ಮ ಕಂಪನಿಯ ಏಜೆಂಟ ಬಂದು ಹೋದ. ಸೆಂಟಿನ ವಾಸನೆಗೆ ಮೆಟ್ಟಿಲ ಮೇಲೆಯೇ ಸೀನು ಬಂತು. ಕೆಳಪೇಟೆಯ ಅಂಗಡಿ ಅಂಗಡಿಗೂ ಹೋಗಿ, "ಇದು ನಿಮ್ಮ ಮಳೆಯಕ್ಕನ ತಮ್ಮನ ಕಂಪನಿ, ಮಳೆ ಅಳೆಯೋರೂ ಅವರೇ" ಎಂದು ಹೇಳಿಕೊಂಡು ಬಂದಿದ್ದಾನೆ. ನನ್ನ ಹೆಸರು ಯಾಕಪ್ಪಾ ಎಳೆದೆ ಎಂದರೆ ಹಲ್ಲು ಕಿರಿದು ಒಂದು ಲಕೋಟೆ ಚಾಚಿದ. ಗೌರವಧನವಂತೆ. ನನ್ನ ಗೌರವ ನಿಮ್ಮ ಲಕೋಟೆಯಲ್ಲಿ ಹಿಡಿಯುವುದಿಲ್ಲ ಎಂದು ಬಾಗಿಲು ಹಾಕಿಕೊಂಡೆ. ಕೈ ತೊಳೆದುಕೊಂಡೆ ಕೂಡ.

ಆದರೆ ಜನ ಬಂದರು. ಸಂಜೆಯಾದರೆ ಒಬ್ಬರಲ್ಲ ಒಬ್ಬರು. ದರ್ಜಿ ಕೇಳಿದ, "ಅಕ್ಕಾ, ನಮಗೆ ಆ ಮಿಲಿಮೀಟರ್ ಗಿಲಿಮೀಟರ್ ತಿಳಿಯಲ್ಲ. ಕಟ್ಬಹುದಾ, ಬೇಡ್ವಾ? ನೀವು ಹೂಂ ಅಂದ್ರೆ ಹೂಂ."

ನಾನು ಯೋಚನೆ ಮಾಡಿಯೇ ಹೇಳಿದೆ. ನೂರಿಪ್ಪತ್ತಕ್ಕೇ ಇಲ್ಲಿಯ ಚರಂಡಿ ಉಕ್ಕುತ್ತದೆ, ನೀವು ನೂರೈವತ್ತು ಇಟ್ಟಿದ್ದೀರಿ. ಜಿಪುಣತನ. ಆದರೂ ಈ ಊರಿಗೆ ನೂರೈವತ್ತು ದೊಡ್ಡದಲ್ಲ. ನನ್ನ ಕಾಲದಲ್ಲಿಯೇ ಎಂಟೊಂಬತ್ತು ಸಲ ಬಿದ್ದಿದೆ. ಅದನ್ನೇ ಹೇಳಿ ಹೂಂ ಎಂದೆ. ನಲವತ್ತೊಂದು ಅಂಗಡಿಯವರು ಕಟ್ಟಿದ್ದಾರೆ. ದರ್ಜಿ ಎರಡನೇ ಮೆಷಿನು ಕೊಳ್ಳಲು ಇಟ್ಟಿದ್ದ ದುಡ್ಡು ಕಟ್ಟಿದ. ರದ್ದಿ ಅಂಗಡಿಯ ಮುದುಕಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿ ಕೊಟ್ಟಳು.

ಇವರು ಕಂಪನಿಯನ್ನು ನೋಡಿ ಕಟ್ಟಿದವರಲ್ಲ. ನನ್ನ ಮೋರೆ ನೋಡಿ ಕಟ್ಟಿದವರು. ಎಲ್ಲ ಸರಿಯಾಗಿದೆ ತಾನೇ? ಕಡ್ಡಿ ಮುರಿದ ಹಾಗೆ ಒಂದು ಮಾತು ಬರೆ.

ನಿನ್ನ
ಅಕ್ಕ

ಮೇ ೧೦

ಅಕ್ಕ,

ಎಲ್ಲ ನಿಯಮದ ಪ್ರಕಾರವೇ ಇದೆ. ಇಲ್ಲಿ ತುಂಬಾ ಕೆಲಸ. ವಿವರವಾಗಿ ಆಮೇಲೆ ಬರೆಯುತ್ತೇನೆ.

ಚೋಟು

ಆಗಸ್ಟ್ ೧೯

ಪ್ರೀತಿಯ ಚೋಟು,

ಕೈ ಇನ್ನೂ ನಾರುತ್ತಿದೆ, ಕಾಗದಕ್ಕೆ ವಾಸನೆ ಹತ್ತಿದರೆ ಕ್ಷಮಿಸು. ಬದುಕಿದ್ದೇನೆ. ಕೆಳಪೇಟೆ ಬದುಕಿಲ್ಲ.

ಹದಿನೇಳನೆಯ ತಾರೀಕು ಬೆಳಗಿನ ಜಾವ ನಾಲ್ಕೂವರೆಗೆ ಶುರುವಾಯಿತು. ಆರಕ್ಕೆ ಚರಂಡಿಯೂ ಬೀದಿಯೂ ಒಂದಾದವು. ಏಳಕ್ಕೆ ನಾನು ಮೆಟ್ಟಿಲಿಳಿದಾಗ ನೀರು ಸೊಂಟಕ್ಕೆ ಬಂತು. ದರ್ಜಿ ಮೇಜಿನ ಮೇಲೆ ನಿಂತು ಬಟ್ಟೆಯ ಗಂಟುಗಳನ್ನು ಅಟ್ಟಕ್ಕೆ ಎಸೆಯುತ್ತಿದ್ದ. "ಮಳೆಯಕ್ಕಾ, ಇವತ್ತೊಂದಿನ ಹೋಗ್ಬೇಡಿ! ಒಂದಿನ ಅಳೀದಿದ್ರೆ ಮಳೆಯೇನು ಓಡಿ ಹೋಗುತ್ತಾ? ನಾಳೆ ಒಟ್ಟಿಗೆ ಅಳ್ಕೊಳ್ಳಿ!" ಎಂದು ಕೂಗಿದ. ನಾನು ಕೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ಬೆಳಿಗ್ಗೆ ಎಂಟರ ಅಳತೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಗೋಡೆ ಹಿಡಿದುಕೊಂಡು ಹೋದೆ. ಕಾಲಿಗೆ ಏನೋ ಮೆತ್ತಗೆ ಸಿಕ್ಕಿತು, ಇಲಿ ಎಂದುಕೊಂಡೆ. ಇಲಿಯಲ್ಲ, ಅದಕ್ಕಿಂತ ಹೊಲಸು. ರಸ್ತೆ ಏರಿ ಮಾಪಕದ ಹತ್ತಿರ ನಿಂತಾಗ ಎಂಟಕ್ಕೆ ಎರಡು ನಿಮಿಷವಿತ್ತು. ಗಾಜಿನ ಅಳತೆ ಇಪ್ಪತ್ತರವರೆಗೆ ಮಾತ್ರ. ನಾಲ್ಕು ಸಲ ತುಂಬಿ ಚೆಲ್ಲಿದೆ, ಐದನೆಯದು ಎಂಟಕ್ಕೆ ನಿಂತಿತು. ಎಂಬತ್ತೆಂಟು. ಬರೆದು, ಮಾಪಕ ಮುಚ್ಚಿ, ಕಚೇರಿಯಲ್ಲೇ ಕೂತೆ. ಮಳೆ ಹನ್ನೆರಡರವರೆಗೆ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಎಂಟಕ್ಕೆ ಅಳೆದರೆ ಎಂಬತ್ತನಾಲ್ಕು.

ಏಳೂವರೆ ಗಂಟೆಯಲ್ಲಿ ನೂರಾ ಎಪ್ಪತ್ತೆರಡು ಮಿಲಿಮೀಟರ್!

ದರ್ಜಿ ಅಂಗಡಿಯಲ್ಲಿ ಶಾಲೆಯ ಮುನ್ನೂರು ಸಮವಸ್ತ್ರ ಕತ್ತರಿಸಿ ಇಟ್ಟಿದ್ದ. ನೀಲಿಯ ಬಣ್ಣ ಬಿಳಿಗೆ ಹತ್ತಿ, ಮೇಲೆ ಕೊಚ್ಚೆ ಕೂತು, ಎಲ್ಲವೂ ಒಂದೇ ಬಣ್ಣವಾಗಿದೆ. ಯಾವ ಬಣ್ಣ ಎಂದು ಬರೆಯಲಾರೆ. ಮೆಷಿನಿನ ಹೊಟ್ಟೆಯಿಂದ ಕೆಸರು ಬೆರಳಿನಲ್ಲಿ ತೋಡಿ ತೆಗೆಯುತ್ತಿದ್ದಾನೆ. ರದ್ದಿ ಅಂಗಡಿ ಅಂಬಲಿಯಾಗಿದೆ. ಮುದುಕಿ ಅದರ ಮುಂದೆ ಕೂತಿದ್ದಾಳೆ, ಅಳುವುದೂ ಇಲ್ಲ, ಏಳುವುದೂ ಇಲ್ಲ.

ಆದರೂ ಪೇಟೆ ಎದೆಗುಂದಿಲ್ಲ. ಹಣ ಬರುತ್ತದೆ ಎಂದು ನಾನೇ ಎಲ್ಲರಿಗೂ ಹೇಳಿದ್ದೇನೆ. ನೂರೈವತ್ತಕ್ಕಿಂತ ಇಪ್ಪತ್ತೆರಡು ಹೆಚ್ಚಿಗೆ. ಬೇಗ ಕಳಿಸುವಂತೆ ನೋಡು, ಚೋಟು. ಅಳತೆಗಾರ್ತಿಯ ತಮ್ಮ ನೀನು, ಜನ ನಿನ್ನನ್ನು ಹರಸಲಿ.

ನಿನ್ನ
ಅಕ್ಕ

ಆಗಸ್ಟ್ ೩೦

ಅಕ್ಕ,

ನೀನು ಕ್ಷೇಮವಾಗಿದ್ದೀಯಲ್ಲ, ಅಷ್ಟು ಸಾಕು. ಆ ನೀರಿನಲ್ಲಿ ನೀನು ಹೋಗಬಾರದಿತ್ತು.

ಪೇಟೆಯವರಿಗೆ ಕಂಪನಿಯಿಂದ ಪತ್ರ ಬಂದಿರಬಹುದು. ನಾನೇ ವಿವರಿಸುವುದು ಒಳ್ಳೆಯದು. ಪಾಲಿಸಿಯಲ್ಲಿ ಒಂದು ದಿನ ಎಂದರೆ ಬೆಳಿಗ್ಗೆ ಎಂಟರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ. ಹವಾಮಾನ ಇಲಾಖೆಯ ದಿನವೂ ಅದೇ ತಾನೇ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಿನ್ನ ದಾಖಲೆಯ ಪ್ರಕಾರ ಹದಿನೇಳರ ಎಂಟು ಗಂಟೆಗೆ ಮುಗಿದ ದಿನಕ್ಕೆ ೮೮. ಹದಿನೆಂಟರ ಎಂಟಕ್ಕೆ ಮುಗಿದ ದಿನಕ್ಕೆ ೮೪. ಎರಡೂ ನೂರೈವತ್ತಕ್ಕಿಂತ ಕಡಿಮೆ. ಆದ್ದರಿಂದ ಈ ಸಲ ಹಣ ಬರುವ ಹಾಗಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ನನಗೂ ಬೇಸರವಾಗಿದೆ.

ಚೋಟು

ಸೆಪ್ಟೆಂಬರ್ ೪

ಚೋಟು,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ಅರ್ಥವಾಗಲಿಲ್ಲ. ಎರಡನೆಯ ಸಲ ಅರ್ಥವಾಯಿತು. ಮೂರನೆಯ ಸಲ ಓದಿ ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದೆ.

ಒಂದೇ ಮಳೆ. ಒಂದೇ ಮೋಡ. ನಡುವೆ ಒಂದು ನಿಮಿಷವೂ ನಿಲ್ಲಲಿಲ್ಲ. ಅದನ್ನು ಎಂಟು ಗಂಟೆಗೆ ಕಡಿದು ಎರಡು ತುಂಡು ಮಾಡಿದವಳು ನಾನು, ಸೊಂಟದ ನೀರಿನಲ್ಲಿ ನಡೆದು ಹೋಗಿ, ಎರಡು ನಿಮಿಷ ಮುಂಚೆಯೇ ನಿಂತು! ದರ್ಜಿಯ ಮಾತು ಕೇಳಿ ಮನೆಯಲ್ಲಿ ಬಿದ್ದುಕೊಂಡಿದ್ದರೆ, ನೆರೆಯಿಂದ ತಲುಪಲಾಗಲಿಲ್ಲ ಎಂದು ಷರಾ ಬರೆದು ಮಾರನೆಯ ದಿನ ಒಟ್ಟಿಗೆ ಅಳೆಯಬಹುದಿತ್ತು. ನಿಯಮವೇ ಅದಕ್ಕೆ ಅವಕಾಶ ಕೊಡುತ್ತದೆ. ನೂರಾ ಎಪ್ಪತ್ತೆರಡು ಒಂದೇ ಸಾಲಿನಲ್ಲಿ ಇರುತ್ತಿತ್ತು, ನಲವತ್ತೊಂದು ಮನೆಯ ಒಲೆ ಉರಿಯುತ್ತಿತ್ತು. ನನ್ನ ನಿಷ್ಠೆ ಈಗ ನನಗೇ ಹೇಸಿಗೆ.

ನಿನ್ನೆ ಅವರೆಲ್ಲ ಬಂದಿದ್ದರು. ಜಗಳಕ್ಕಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ದರ್ಜಿ ಮೆಲ್ಲಗೆ ಹೇಳಿದ, "ಅಕ್ಕಾ, ಪುಸ್ತಕ ನಿಮ್ ಕೈಲೇ ಇದೆ. ಎರಡು ಸಾಲನ್ನ ಒಂದು ಸಾಲು ಮಾಡಿದ್ರೆ... ಬಿದ್ದ ಮಳೆಯೇ ಅಲ್ವಾ? ಸುಳ್ಳೇನಲ್ವಲ್ಲ?" ಸುಳ್ಳಲ್ಲ. ಆದರೂ ಆಗುವುದಿಲ್ಲ ಎಂದೆ. ಅವನು ಇಳಿದು ಹೋದ. ಮನೆಗೆ ಉಪಕಾರಿ, ಊರಿಗೆ ಮಾರಿ ಎಂದು ಯಾರೋ ಮೆಟ್ಟಿಲ ಮೇಲೆ ಗಾದೆಯನ್ನು ತಿರುಗಿಸಿ ಹೇಳಿದ್ದು ಕೇಳಿಸಿತು. ಮನೆ ಎಂದರೆ ನೀನು.

ಈಗ ಕೇಳುತ್ತೇನೆ, ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಪಾಲಿಸಿಯಲ್ಲಿ ದಿನ ಎಂಟಕ್ಕೆ ಶುರುವಾಗಲಿ ಎಂದು ಹೇಳಿದವರು ಯಾರು? ಈ ಊರಿನ ದೊಡ್ಡ ಮಳೆ ಬೀಳುವುದು ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ, ಎಂಟು ಗಂಟೆ ಅದರ ನಡುಸೊಂಟಕ್ಕೆ ಬರುತ್ತದೆ ಎಂಬುದು ಈ ಜಗತ್ತಿನಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಐದು ತಿಂಗಳು ಕೂತು ಗಂಟೆಗಂಟೆಯ ಲೆಕ್ಕ ನಕಲು ಮಾಡಿದವಳು. ಇನ್ನೊಬ್ಬನು ಅದನ್ನು ಓದಿದವನು.

ಅಕ್ಕ

ಸೆಪ್ಟೆಂಬರ್ ೨೦

ಅಕ್ಕ,

ಹದಿನೈದು ದಿನ ಬರೆಯುವುದು, ಹರಿಯುವುದು ಮಾಡಿದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ನಾನೇ.

ನಿನ್ನ ನೋಟ್‌ಬುಕ್ಕಿನ ಇಪ್ಪತ್ತೆರಡು ವರ್ಷದಲ್ಲಿ ನೂರೈವತ್ತು ದಾಟಿದ ಮಳೆ ಒಂಬತ್ತು. ದಿನವನ್ನು ಮಧ್ಯರಾತ್ರಿಗೆ ಶುರು ಮಾಡಿದರೆ ಒಂಬತ್ತರಲ್ಲಿ ಎಂಟು ಹಾಗೇ ಉಳಿಯುತ್ತವೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ ಒಂದೇ ಒಂದು ಉಳಿಯುತ್ತದೆ, ಮಿಕ್ಕವೆಲ್ಲ ಎರಡು ತುಂಡಾಗುತ್ತವೆ. ಕಂಪನಿಯವರು ಮಧ್ಯರಾತ್ರಿ ಎಂದು ಬರೆದಿದ್ದರು. ಇಲಾಖೆಯ ಪದ್ಧತಿ ಎಂಟು ಗಂಟೆ, ಅದನ್ನೇ ಇಡೋಣ ಎಂದು ನಾನು ಹೇಳಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದೇ ಅದರ ಚಂದ ಎಂದು ಬಾಸ್ ಹೇಳಿದರು. ಆ ಮಧ್ಯಾಹ್ನವೇ ನನ್ನ ಸಂಬಳ ಎರಡರಷ್ಟಾಯಿತು. ಫೆಬ್ರವರಿಯಲ್ಲಿ ನಿನಗೆ ಹೇಳಿದ ಅಂಕಿ ಅದೇ.

ನಿನಗೆ ಅಸಹ್ಯವಾಗಿದೆ, ಗೊತ್ತು. ಆದರೆ ಯೋಚನೆ ಮಾಡು. ಮೂವತ್ತೊಂದು ವರ್ಷ ಹನಿ ಹನಿ ಸರಿಯಾಗಿ ಅಳೆದ ನಿನಗೆ ಇವರು ಕೊಟ್ಟದ್ದು ಏನು? ನಾಳೆ ಮಳೆ ಬರುತ್ತದೆ ಎಂದು ಆರು ವರ್ಷ ಸರಿಯಾಗಿ ಹೇಳಿದ ನನಗೆ ಸಿಕ್ಕಿದ್ದು ಏನು? ಮಳೆಯನ್ನು ಬಲ್ಲವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅಕ್ಕ. ಬಲ್ಲದ್ದನ್ನು ಯಾರಿಗೆ ಹೇಳಬಾರದು ಎಂದು ಬಲ್ಲವನಿಗೆ ಕೊಡುತ್ತಾರೆ.

ಪೇಟೆಯವರು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದಾರೆ, ನೋಟಿಸು ಬಂದಿದೆ. ಕೈಮುಗಿದು ಕೇಳುತ್ತೇನೆ, ಆ ಗಂಟೆಗಂಟೆಯ ಹಾಳೆಗಳ ಮಾತು ಎತ್ತಬೇಡ. ನನ್ನ ಕೆಲಸ ಹೋಗುತ್ತದೆ. ಅಷ್ಟೇ ಅಲ್ಲ, ಅನುಮತಿಯಿಲ್ಲದೆ ಇಲಾಖೆಯ ದಾಖಲೆ ಹೊರಗೆ ಕೊಟ್ಟವಳು ನೀನು. ನಿವೃತ್ತಿಗೆ ನಾಲ್ಕು ತಿಂಗಳಿದೆ, ಪಿಂಚಣಿಗೆ ಕೈ ಹಾಕುತ್ತಾರೆ. ಸುಮ್ಮನಿದ್ದರೆ ಇಬ್ಬರೂ ಉಳಿಯುತ್ತೇವೆ.

ಚೋಟು

ಅಕ್ಟೋಬರ್ ೬

ಚೋಟು,

ನನ್ನ ಪಿಂಚಣಿಯ ಚಿಂತೆಯನ್ನು ನೀನು ನನ್ನ ಕೊರಳಿಗೆ ಕಟ್ಟಿದ ರೀತಿ ನೋಡಿ ಮೈ ಉರಿಯಿತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಎಲ್ಲಿ ಕಲಿತೆಯೋ ಇದನ್ನು!

ದುಡ್ಡಿಲ್ಲದ ಆರು ವರ್ಷದ ಸಂಕಟ ನನಗೆ ಅರ್ಥವಾಗುತ್ತದೆ. ಕಡಿಮೆ ಸಂಬಳ ಅಸಹ್ಯವೇ. ನಾನೂ ಅದನ್ನೇ ಉಂಡು ಉಟ್ಟವಳು. ಆದರೆ ನೀನು ಕಿತ್ತುಕೊಂಡದ್ದು ಕಡಿಮೆ ಕೊಟ್ಟವರ ಜೇಬಿನಿಂದ ಅಲ್ಲ, ರದ್ದಿ ಅಂಗಡಿಯ ಮುದುಕಿಯ ಸೆರಗಿನಿಂದ.

ಡಿಸೆಂಬರ್ ಎರಡಕ್ಕೆ ವಿಚಾರಣೆ. ಕಂಪನಿಯ ತಜ್ಞನಾಗಿ ನೀನೇ ಬರುತ್ತೀಯಂತೆ. ಬಾ. ಕೇಳಿದಾಗ ನಿಜ ಹೇಳು. ನೀನೇ ಹೇಳಿದರೆ ನಾನು ಬಾಯಿ ತೆರೆಯಬೇಕಾಗಿಲ್ಲ, ನೋಟ್‌ಬುಕ್ಕು ಎಲ್ಲಿಂದ ಬಂತೆಂದು ಯಾರೂ ಕೇಳಲಿಕ್ಕಿಲ್ಲ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ನಿನ್ನನ್ನು ಹೆದರಿಸುವುದಕ್ಕೆ ಬರೆದ ಮಾತಲ್ಲ ಇದು. ನಿನಗೊಂದು ದಾರಿ ಬಿಟ್ಟಿದ್ದೇನೆ, ಅಷ್ಟೇ.

ಅಕ್ಕ

ಡಿಸೆಂಬರ್ ೨೩

ತಮ್ಮಾ,

ಮೂರು ವಾರ ಬರೆಯಬಾರದು ಎಂದುಕೊಂಡಿದ್ದೆ. ತೀರ್ಪು ನಿನ್ನೆ ಬಂತು, ಹೇಳದಿರುವುದು ಸರಿಯಲ್ಲ. ಗೊತ್ತಿದ್ದೂ ಮುಚ್ಚಿಟ್ಟು ಮಾರಿದ್ದಕ್ಕೆ ಕಂಪನಿ ನಲವತ್ತೊಂದು ಅಂಗಡಿಗೂ ಪೂರ್ತಿ ಹಣ ಕೊಡಬೇಕು, ಎರಡು ತಿಂಗಳ ಒಳಗೆ.

ವಿಚಾರಣೆಯ ದಿನದ್ದು ನನ್ನ ಮನಸ್ಸಿನಿಂದ ಇಳಿಯುತ್ತಿಲ್ಲ. ಬಣ್ಣ ಹೋದ ಆ ಸಣ್ಣ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ನೀನು ಇಸ್ತ್ರಿಯ ಅಂಗಿಯಲ್ಲಿ ಆ ಕಡೆ, ನಾನು ಪೇಟೆಯವರ ಹಿಂದಿನ ಸಾಲಿನಲ್ಲಿ. ಅವರ ಪಕ್ಕ ಅಲ್ಲ, ಹಿಂದೆ. ಪಕ್ಕದ ಕುರ್ಚಿಯ ಮೇಲೆ ದರ್ಜಿ ತನ್ನ ಚೀಲ ಇಟ್ಟುಬಿಟ್ಟಿದ್ದ. ಆಯೋಗದ ಅಧ್ಯಕ್ಷೆ ನೇರವಾಗಿ ನಿನ್ನನ್ನೇ ಕೇಳಿದರು, "ಆ ಊರಲ್ಲಿ ದೊಡ್ಡ ಮಳೆ ಯಾವ ಹೊತ್ತಿಗೆ ಬೀಳುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?" ನೀನು ನೀರು ಕುಡಿದೆ. ಲೋಟ ಕೆಳಗಿಟ್ಟೆ. "ಗಂಟೆವಾರು ಮಾಹಿತಿ ನನ್ನ ಹತ್ರ ಇರ್ಲಿಲ್ಲ, ಮೇಡಂ" ಎಂದೆ.

ನಿನ್ನ ದನಿ ನಡುಗಲಿಲ್ಲ. ನನಗೆ ಅತ್ಯಂತ ಹೇಸಿಗೆಯಾದದ್ದು ಅದೇ. ಚಿಕ್ಕಂದಿನಲ್ಲಿ ಒಂದು ಚಮಚ ಸಕ್ಕರೆ ಕದ್ದರೆ ಕಿವಿ ಕೆಂಪಗಾಗುತ್ತಿದ್ದ ಹುಡುಗ ನೀನು.

ನಾನು ಎದ್ದು ನಿಂತೆ. "ಇತ್ತು, ಮೇಡಂ. ಇಪ್ಪತ್ತೆರಡು ವರ್ಷದ್ದು, ಮೂರು ನೋಟ್‌ಬುಕ್ಕಲ್ಲಿ. ಬರ್ದುಕೊಟ್ಟವಳು ನಾನೇ."

"ನೀವು ಯಾವ ಅಧಿಕಾರದಿಂದ ಕೊಟ್ಟಿರಿ?"

"ಅಧಿಕಾರ ಇರ್ಲಿಲ್ಲ. ಅಕ್ಕ ಅಂತ ಕೊಟ್ಟೆ."

ಕಂಪನಿಯ ವಕೀಲ 'ಇದಕ್ಕೆ ಪುರಾವೆ ಎಲ್ಲಿ' ಎಂದು ಎಗರಾಡಿದ. ನಿನ್ನ ಸೆಪ್ಟೆಂಬರಿನ ಕಾಗದ ನನ್ನ ಚೀಲದಲ್ಲಿತ್ತು, ಕೈ ಅದರ ಮೇಲೆಯೇ ಇತ್ತು. ತೆಗೆಯಬೇಕಾಗಲಿಲ್ಲ. ಅಧ್ಯಕ್ಷೆ ನಿನ್ನ ಕಡೆ ತಿರುಗಿ, "ಇವರು ಹೇಳ್ತಿರೋದು ನಿಜಾನಾ?" ಎಂದರು. ನೀನು ಮೇಜು ನೋಡಿದೆ. ಆಮೇಲೆ "ಹೌದು" ಎಂದೆ. ಆ ಹೌದು ಎಷ್ಟು ಸಣ್ಣದಾಗಿತ್ತೆಂದರೆ ಬರೆದುಕೊಳ್ಳುವವರು ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆಯೂ ಹೇಳಿದೆ. ಅಷ್ಟನ್ನಾದರೂ ಮಾಡಿದೆ.

ನನ್ನ ಇಲಾಖೆ ಈ ಒಂದು ವಿಷಯದಲ್ಲಿ ಮಾತ್ರ ಬಲು ಚುರುಕು. ಹತ್ತು ದಿನದೊಳಗೆ ಆದೇಶ ಬಂತು, ಕೊನೆಯ ಎರಡು ವರ್ಷದ ಇನ್‌ಕ್ರಿಮೆಂಟ್ ವಾಪಸು. ಪಿಂಚಣಿ ಅದರ ಮೇಲೆಯೇ ಲೆಕ್ಕವಾದ್ದರಿಂದ ಬದುಕಿರುವವರೆಗೂ ಕಡಿತ. ಆದೇಶ ತಂದುಕೊಟ್ಟವನು ಆ ಸಹಾಯಕ ತಜ್ಞ. ಅವತ್ತೂ ಹೊರಗೆ ಮೋಡ ಕಟ್ಟಿತ್ತು, ಇವತ್ತು ಒಳ್ಳೆ ಬಿಸಿಲು ಎಂದು ಹೇಳಿ ಹೋದ.

ನಿನ್ನ ಸುದ್ದಿಯೂ ತಿಳಿಯಿತು. ನಿನ್ನ ಹೆಂಡತಿ ಫೋನು ಮಾಡಿದ್ದಳು. ಶುಕ್ರವಾರ ಸಂಜೆ ಕೈಕುಲುಕಿ ಕಳಿಸಿದರಂತೆ. ಸೋಮವಾರ ಇನ್ನೊಂದು ಕಂಪನಿಯವರು ಕರೆದರಂತೆ, ಇದಕ್ಕಿಂತ ಹೆಚ್ಚು ಸಂಬಳಕ್ಕೆ. ತಮ್ಮ ಕೆಲಸಕ್ಕೆ ಬರುವಂಥ ಕೈ ಎಂದು ಅವರಿಗೂ ವಿಚಾರಣೆಯಿಂದಲೇ ಗೊತ್ತಾಗಿರಬೇಕು. ಇಂಥ ಕಸುಬು ಆಗಿಹೋಯಿತಲ್ಲ ನಮ್ಮದು! ನಿಜ ಹೇಳಿದ್ದಕ್ಕೆ ನನ್ನ ಸಂಬಳ ಇಳಿಯಿತು, ಮುಚ್ಚಿಟ್ಟದ್ದಕ್ಕೆ ನಿನ್ನದು ಏರುತ್ತದೆ. ನೀನು ಹೂಂ ಎಂದೆಯೋ ಇಲ್ಲವೋ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೂಂ ಎಂದಿದ್ದರೆ ನನಗೆ ಬರೆಯಬೇಡ.

ಪೇಟೆಯವರು ನನ್ನ ಜೊತೆ ಮಾತಾಡುತ್ತಾರೆ, ಮೊದಲಿನ ಹಾಗಲ್ಲ. ಹಣ ಬರುವುದು ನನ್ನ ಬಾಯಿಂದ ಎಂದು ಗೊತ್ತಿದೆ. ಮೋಸ ಹೋದದ್ದೂ ನನ್ನ ಬಾಯಿಂದಲೇ ಎಂಬುದೂ ಗೊತ್ತಿದೆ. ಎರಡೂ ನಿಜ, ಅವರನ್ನು ಏನೆನ್ನಲಿ.

ಇನ್ನೊಂದು ಮಾತು ಉಳಿದಿದೆ. ಅವತ್ತು ಕೋಣೆಯಿಂದ ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ನೀನು ಹಿಂದಿನಿಂದ "ಅಕ್ಕಾ" ಎಂದು ಕರೆದೆ. ಎರಡು ಸಲ ಕರೆದೆ. ನಾನು ತಿರುಗಲಿಲ್ಲ, ದರ್ಜಿಯ ಹಿಂದೆ ಬಸ್ಸಿನ ಕಡೆ ನಡೆದುಬಿಟ್ಟೆ. ಕೇಳಿಸಲಿಲ್ಲ ಎಂದು ನೀನು ತಿಳಿದಿರಬಹುದು, ಸಿಟ್ಟು ಎಂದಾದರೂ ತಿಳಿದಿರಬಹುದು. ಅದಲ್ಲ. ನಿನ್ನ ಮೋರೆ ನೋಡಿದ್ದರೆ ನಾನು ಅಲ್ಲೇ ಅತ್ತು, ಅಲ್ಲೇ ನಿನ್ನನ್ನು ಕ್ಷಮಿಸಿಬಿಡುತ್ತಿದ್ದೆ. ಆ ನಲವತ್ತೊಂದು ಜನ ನೋಡುತ್ತಿದ್ದರು.

ಅಕ್ಕ